ಸ್ಲೋ ನಿಲ್ಲುತ್ತಿಲ್ಲ

ತೋರಣಗಲ್ಲು ರಸ್ತೆಯಲ್ಲಿ ನೂರಾ ಅರವತ್ತು ಮುಟ್ಟಿದ್ದು
ಬಳ್ಳಾರಿಯ ಕೆಂಪು ದೀಪಕ್ಕೆ ಬಂದು ಸಾಯುತ್ತದೆ.
ಪಂಪಾಪತಿ ಹೇಳುವುದು ಇಷ್ಟೇ.
ಅವನ ಉಗುರಿನ ಸಂದಿಯಲ್ಲಿ ಜೀನ್ಸಿನ ನೀಲಿ,
ಬಾನೆಟ್ಟಿನ ಸಂದಿಯಲ್ಲಿ ಸಂಡೂರಿನ ಕೆಂಪು.
ಹಳೇ ಎಸ್ಟೀಮು. ಒಳಗೆ ಮಾತ್ರ ಕೊಯಮತ್ತೂರಿನ ಕ್ಯಾಮು,
ಬಾಯಿ ಅಗಲಿಸಿದ ಥ್ರಾಟಲ್ಲು,
ಹೆಸರಿಗಷ್ಟೇ ಸೈಲೆನ್ಸರು.
ಎರಡು ಬಣ್ಣದ ಹಂಡೆ ಮಾರಿ ಹಾಕಿಸಿದ್ದಂತೆ.
ಹೆಂಡತಿಗೆ ಹೇಳಿಲ್ಲ, ನಮಗೆ ಹೇಳಿದ.

ಅಬ್ಬಾನಿಗೆ ಕಿವಿ ಹೋಗಿ ಆರು ವರ್ಷ.
ನಲವತ್ತು ವರ್ಷ ಲಾರಿ ಇಂಜಿನ್ನಿನ ಎದೆಗೆ ಕಿವಿಯಿಟ್ಟು
ಒಂದೊಂದಾಗಿ ಕೊಟ್ಟುಬಿಟ್ಟರು,
ಮೊದಲು ಬಲಗಡೆಯದು, ಆಮೇಲೆ ಎಡಗಡೆಯದು.
ಈಗ ಅಂಗೈ ಫೆಂಡರಿನ ಮೇಲೆ, ಕಣ್ಣು ನನ್ನ ಬಾಯಿಯ ಮೇಲೆ.
"ಹೆಂಗೈತಿ ಹೇಳು ಶಮ್ಶಾದ್."
ಏರುತ್ತದೆ ಅಬ್ಬಾ, ಇಳಿಯುತ್ತದೆ,
ಹಸಿದ ಕೂಸು ಅತ್ತೂ ಅತ್ತೂ ಉಸಿರು ಕಟ್ಟಿದ ಹಾಗೆ
"ಕೂಸು ಬ್ಯಾಡ. ನಂಬರ್ ಹೇಳು."
ಸಾವಿರದ ನಾನೂರು. ಏಳುನೂರು.
ಸಾವಿರದ ಮುನ್ನೂರು. ಐನೂರು.
ಸತ್ತಿತು.

ಮೊದಲ ದಿನ ಪ್ಲಗ್ಗು. ಮಸಿ ಹಿಡಿದಿದ್ದವು, ತಿಕ್ಕಿದೆ.
ಥ್ರಾಟಲ್ ಬಿಚ್ಚಿದರೆ ಗಂಟಲ ತುಂಬ ಅದಿರಿನ ಧೂಳು,
ಎಣ್ಣೆ ಕುಡಿದು ಹಲ್ವದ ಹದಕ್ಕೆ ಬಂದದ್ದು.
ಐಡ್ಲ್ ವಾಲ್ವಿನ ಮೂಗು ಕಟ್ಟಿತ್ತು;
ಅರ್ಧ ಡಬ್ಬಿ ಕ್ಲೀನರು, ತಮ್ಮನ ಹಲ್ಲುಜ್ಜುವ ಬ್ರಷ್ಷು.
ಇಷ್ಟೇ, ಮುಗಿಯಿತು ಅಂದುಕೊಂಡೆ.
ಎ.ಸಿ. ಹಾಕಿದೆ.
ಸತ್ತಿತು.

"ಮ್ಯಾಪು ಸರಿಯಾಗೇ ಇದೆ" ಎಂದ ಕೊಯಮತ್ತೂರಿನವನು ಫೋನಿನಲ್ಲಿ.
ಅಲ್ಲಿ ತಂಗಾಳಿಯಂತೆ.
ಇಲ್ಲಿ ನೆರಳಿನಲ್ಲಿಟ್ಟ ಸ್ಪ್ಯಾನರೂ ಕೈ ಸುಡುತ್ತಿತ್ತು.
ಸ್ಕ್ರೂ ಒಂದು ಸುತ್ತು ತಿರುವಿ ಸ್ಲೋ ಏರಿಸಿ
ಕಳಿಸಿಬಿಡೋಣವೆಂದು ಕೈ ಹಾಕಿದ್ದೆ,
ಮುಂಗೈ ಮೇಲೆ ಫಟ್ಟನೆ ಬಿತ್ತು:
"ಜ್ವರ ಬಂತಂತ ಥರ್ಮಾಮೀಟರ್ ಮುರಿತೀಯೇನ?"
ಸೆನ್ಸರು ಅದನ್ನೇ ಹೇಳುತ್ತಿತ್ತು, ಪೆಟ್ರೋಲು ಸಾಲದು, ಗಾಳಿ ಜಾಸ್ತಿ.
ಎಲ್ಲಿಯ ಗಾಳಿ?
ಟಿಕೆಟ್ಟಿಲ್ಲದೆ ಹತ್ತಿದ ಗಾಳಿ,
ಲೆಕ್ಕಕ್ಕೆ ಸಿಗದೆ ಒಳಗೆ ಕೂತಿತ್ತು.

ಮೂರನೆಯ ಸಂಜೆ ಅಬ್ಬಾ
ಪಕ್ಕದ ಹುಲಿಗೆಮ್ಮನ ಹೂವಿನಂಗಡಿಯಿಂದ
ಒಂದು ಊದಿನಕಡ್ಡಿ ತಂದರು.
ಫ್ಯಾನು ಆರಿಸು, ಷಟರು ಅರ್ಧಕ್ಕೆ ಇಳಿಸು.
ಪೆಟ್ರೋಲಿನ ಕ್ಯಾನು ಹೊರಗಿಟ್ಟು ಬಂದೆ
(ಹುಚ್ಚು ಕೆಲಸ, ಯಾರೂ ಮಾಡಬೇಡಿ).
ಬೂಸ್ಟರಿನ ಹತ್ತಿರ ಹೊಗೆ ಮೇಲಕ್ಕೆ ಹೋಯಿತು.
ಮ್ಯಾನಿಫೋಲ್ಡಿನ ಅಂಚಿನಲ್ಲೂ ಮೇಲಕ್ಕೆ.
ಹಿಂದೆ, ಕೈ ತೂರದ ಕತ್ತಲಲ್ಲಿ,
ಹೊಸ ಕ್ಲಾಂಪು ಹಳೇ ರಬ್ಬರನ್ನು ಕಚ್ಚಿದ್ದ ಜಾಗಕ್ಕೆ ಬಂದಾಗ
ತಲೆ ಬಾಗಿಸಿ
ಒಳಗೆ ಹೋಯಿತು.
"ಕಂಡ್ಯಾ?"
ಕಂಡಿತು. ಉಸ್ಸೆಂಬ ಸದ್ದು
ಆಗಲೂ ನನಗೆ ಕೇಳಿಸಲಿಲ್ಲ.

ಮೂವತ್ತೈದು ರೂಪಾಯಿಯ ಪೈಪು.
ಪಂಪಾಪತಿ ಬಂದವನೇ ಮೂತಿ ಸಣ್ಣದು ಮಾಡಿದ:
"ಇನ್ನೂ ನಡುಗ್ತೈತಲ್ಲ ಸಾಬ್ರ?"
"ನೀ ಹಾಕಿಸಿದ ಕ್ಯಾಮು ಹಂಗ.
ಮೆತ್ತಗ ಕುಂದರಬೇಕಂದ್ರ ಹಳೇದು ತಗೊಂಡು ಬಾ."
ಹಳೆಯದನ್ನು ಅವನು ಗುಜರಿಗೆ ಹಾಕಿದ್ದ.

ನೋಡಿಯೇಬಿಡೋಣ ಎಂದು ಮೂವರೂ ಹೊರಟು
ರೈಲ್ವೆ ಗೇಟಿಗೆ ಸಿಕ್ಕಿಬಿದ್ದೆವು.
ಸುತ್ತ ಎಲ್ಲರೂ ಇಂಜಿನ್ ಆರಿಸಿದರು, ನಾವು ಆರಿಸಲಿಲ್ಲ.
ಎ.ಸಿ. ಹಾಕಿದೆ. ಹೆಡ್‌ಲೈಟು ಹಾಕಿದೆ.
ಬೇಕಂತಲೇ ಸ್ಟೇರಿಂಗು ಕಡೆತನಕ ತಿರುವಿದೆ.
ಅದಿರಿನ ಗೂಡ್ಸು ಬಂತು, ನೆಲವೇ ಅದುರಿತು.
ಡ್ಯಾಶ್‌ಬೋರ್ಡಿನ ಮೇಲೆ ಅಬ್ಬಾನ ಅಂಗೈ.
ರೈಲಿನ ನಡುಕ ಯಾವುದು, ನಮ್ಮದು ಯಾವುದು,
ಅದಕ್ಕೆ ಹೇಗೆ ತಿಳಿಯುತ್ತದೋ.
ಪಂಪಾಪತಿ ಬೋಗಿ ಎಣಿಸಿದ, ನಾನು ಮುಳ್ಳು ನೋಡಿದೆ.
ಮೂವತ್ತೊಂದು. ಒಂಬೈನೂರೈವತ್ತು.
ನಲವತ್ತು. ಒಂಬೈನೂರು, ಇಳಿಯಿತು, ಎಂಟುನೂರು,
ಯಾರೂ ಉಸಿರಾಡಲಿಲ್ಲ,
ಒಂಬೈನೂರ ಎಪ್ಪತ್ತು.
ಐವತ್ತೆಂಟು. ಗಾರ್ಡಿನ ಡಬ್ಬಿ. ಗೇಟು ಎದ್ದಿತು.
ಹಿಂದಿನ ಲಾರಿ ಹಾರ್ನು ಒತ್ತಿ ಹಿಡಿದೇ ಇತ್ತು.
ಅಬ್ಬಾ ಕೈ ತೆಗೆಯಲಿಲ್ಲ.
"ತಡಿ, ಇನ್ನೊಂದೀಟು ನಿಲ್ಲಲಿ."